ಪದಚರ್ಚೆ: ಅನುಸಂಧಾನ, ಸಂಶೋಧನೆ ಮತ್ತು ಒಂದು ಲಕ್ಷ ಕೋಟಿ

ಎಲ್ಲರಿಗೂ ನಮಸ್ಕಾರ.

ಪಿಯುಸಿ ವಿಜ್ಞಾನದ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ನಮ್ಮ ದೇಶದಲ್ಲಿ ಭೌತವಿಜ್ಞಾನದ ಕೆಲಸಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನೋದು ವಿಷಯ. ಬರೆಯುತ್ತಾ ಹೋದಂತೆ ಕೆಲವು ಪದಗಳು ಕಾಲಿಗೆ ತೊಡರಿಕೊಂಡಿವೆ. ಬಲ್ಲವರು ಬಿಡಿಸಿಕೊಡಬೇಕು.

ಮೊದಲು ಹೆಸರಿನ ತಕರಾರು. 2023ರಲ್ಲಿ ಸಂಸತ್ತು ಮಾಡಿದ ಕಾಯ್ದೆಯಿಂದ ಹುಟ್ಟಿದ್ದು 'ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್', ಚಿಕ್ಕದಾಗಿ ಎಎನ್‌ಆರ್‌ಎಫ್. ಕಾಯ್ದೆ ಜಾರಿಗೆ ಬಂದದ್ದು 2024ರ ಫೆಬ್ರುವರಿಯಲ್ಲಿ. ಅಲ್ಲಿಯವರೆಗೆ ವಿಜ್ಞಾನಿಗಳಿಗೆ ಹಣ ಹಂಚುತ್ತಿದ್ದ ಎಸ್‌ಇಆರ್‌ಬಿ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಇದರೊಳಗೆ ಸೇರಿಹೋಯಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಲೆಕ್ಕ. ಅದರಲ್ಲಿ ಕೇಂದ್ರ ಸರ್ಕಾರದ್ದು 14,000 ಕೋಟಿ, ಮಿಕ್ಕಿದ್ದು ಹೊರಗಿನಿಂದ ಬರಬೇಕು. ಈ ಹೆಸರನ್ನು ಕನ್ನಡಕ್ಕೆ ಇಳಿಸಿದರೆ 'ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ' ಆಗುತ್ತದೆ. ಹಿಂದಿಯಲ್ಲಿ ಅನುಸಂಧಾನ್ ಅಂದರೇನೇ ರಿಸರ್ಚ್, ಹಾಗಾಗಿ ಹಿಂದಿ ಬಲ್ಲವರ ಕಿವಿಗೆ ಒಂದೇ ಮಾತು ಎರಡು ಸಲ ಬಂದಂತೆ. ಕನ್ನಡ ಓದುಗರಿಗೆ ಆಗುವ ಗೊಂದಲವೇ ಬೇರೆ.

ನಮ್ಮಲ್ಲಿ ಅನುಸಂಧಾನ ಅಂದರೆ ಏನು? ಪ್ರವಚನ ಕೇಳಿ ಬೆಳೆದವರಿಗೆ ಅದು ಭಗವಂತನ ನೆನಪನ್ನು ಬಿಡದೆ ಮನಸ್ಸಿನಲ್ಲಿ ಹಿಡಿದಿರುವುದು. ನಾಮಾನುಸಂಧಾನ, ಆತ್ಮಾನುಸಂಧಾನ ಎಲ್ಲ ಈ ದಾರಿಯವು. ಸಾಹಿತ್ಯದವರಿಗೆ ಇನ್ನೊಂದು ಬಳಕೆ ಗೊತ್ತು: 'ಪರಂಪರೆಯೊಂದಿಗೆ ಅನುಸಂಧಾನ', 'ಪಠ್ಯದೊಡನೆ ಅನುಸಂಧಾನ'. ನಮ್ಮ ವಿಮರ್ಶಕರಿಗೆ ಈ ಪದದ ಮೇಲೆ ಕೊಂಚ ಜಾಸ್ತಿಯೇ ಪ್ರೀತಿ. ಇದರಲ್ಲಿ ಎಲ್ಲೂ ಲ್ಯಾಬ್ ಇಲ್ಲ, ಅಳತೆ ಇಲ್ಲ, ಉಪಕರಣ ಇಲ್ಲ. ಸಾಲದ್ದಕ್ಕೆ ಬಾಲದಲ್ಲಿ 'ಸಂಧಾನ' ಬೇರೆ ಕೂತಿದೆ. ತಾಳಮದ್ದಳೆ ಕೇಳುವವರಿಗೆ ಕೃಷ್ಣ ಸಂಧಾನ ನೆನಪಾದರೆ ಅವರ ತಪ್ಪಲ್ಲ. 2019ರ ಜನವರಿಯಲ್ಲಿ ಜಲಂಧರ್‌ನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಧಾನಿ ಮೋದಿ 'ಜೈ ಜವಾನ್, ಜೈ ಕಿಸಾನ್, ಜೈ ವಿಜ್ಞಾನ್' ಎಂಬ ಹಳೆಯ ಘೋಷಣೆಗೆ 'ಜೈ ಅನುಸಂಧಾನ್' ಸೇರಿಸಿದರಲ್ಲ, ಅದನ್ನು ಕನ್ನಡದಲ್ಲಿ ಹಾಗೇ ಓದಿದರೆ ಧ್ಯಾನಕ್ಕೆ ಜೈ ಅಂದಂತೆ ಕೇಳುತ್ತದೆ.

ಇನ್ನೊಂದು ತಮಾಷೆ ನೋಡಿ. ನಮ್ಮ 'ಸಂಶೋಧನೆ' ಹಿಂದಿಗೆ ಹೋದರೆ ತಿದ್ದುಪಡಿ. ಅವರ 'ಸಂವಿಧಾನ ಸಂಶೋಧನ್' ನಮ್ಮ ಸಂವಿಧಾನ ತಿದ್ದುಪಡಿ. ಬೀದರ್ ಕಡೆಯವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಸಂಶೋಧನ ಸಂಶೋಧನೆಯಾಗಿಯೇ ಉಳಿಯುತ್ತದೆ, ತೆಲಂಗಾಣಕ್ಕೆ ಹೋದರೆ ಅದೇ ಕೆಲಸ 'ಪರಿಶೋಧನ'. ಆ ಪರಿಶೋಧನೆ ನಮ್ಮಲ್ಲಿ ಲೆಕ್ಕ ತನಿಖೆ ಮಾಡುವವರ ಪಾಲಾಗಿದೆ. ಬಂಗಾಳಿಯವರದ್ದು 'ಗವೇಷಣಾ', ನಮ್ಮ ನಿಘಂಟಿನಲ್ಲೂ ಇದೆ, ಬಾಯಲ್ಲಿ ಇಲ್ಲ.

ನನ್ನ ಮಟ್ಟಿಗೆ ಇದಕ್ಕೆ ಪರಿಹಾರ ಕಷ್ಟವಲ್ಲ. ಹಿಂದಿಯಲ್ಲಿ ಅನುಸಂಧಾನ ಇರುವ ಕಡೆಯೆಲ್ಲ ನಾವು ಸಂಶೋಧನೆ ಅಂತಲೇ ಬರೆದಿದ್ದೇವೆ: ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಹಾಗಾಗಿ ಇಲ್ಲೂ 'ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ' ಸಾಕು. ಮುಂದಿನ 'ಅನುಸಂಧಾನ್' ಅನ್ನು ಅರ್ಧಾಕ್ಷರದ ಅಂಕಿತನಾಮವಾಗಿ ಒಮ್ಮೆ ಹೇಳಿ ಬಿಟ್ಟರಾಯಿತು. ಒಪ್ಪದವರು ಕಾರಣ ಹೇಳಿ.

ನಿಜವಾದ ತೊಡಕು ಮುಂದಿದೆ. 2025ರ ಜುಲೈ 1ರಂದು ಕೇಂದ್ರ ಸಂಪುಟ ಒಂದು ಲಕ್ಷ ಕೋಟಿ ರೂಪಾಯಿಯ ಆರ್‌ಡಿಐ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ಅಕ್ಷರ ಬಿಡಿಸಿದರೆ ಸಂಶೋಧನೆ, ಅಭಿವೃದ್ಧಿ, ನಾವೀನ್ಯ. (ನಾವೀನ್ಯ ಆಗಲೇ ಭಾವನಾಮ. ಅದಕ್ಕೆ ಮತ್ತೆ 'ತೆ' ಹಚ್ಚಿ ನಾವೀನ್ಯತೆ ಮಾಡುವುದು ಪ್ರಾಮುಖ್ಯತೆಯ ಜಾಡಿನ ಚಾಳಿ. ಅದು ಇನ್ನೊಂದು ದಿನದ ಜಗಳ.) ಇದನ್ನು ಸುಮ್ನೆ 'ಸಂಶೋಧನೆಗೆ ಒಂದು ಲಕ್ಷ ಕೋಟಿ ಅನುದಾನ' ಎಂದು ಬರೆದರೆ ಎರಡು ಕಡೆ ಎಡವಿದಂತೆ. ಒಂದು, ಅದು ಅನುದಾನವಲ್ಲ. ಖಾಸಗಿ ವಲಯಕ್ಕೆ ಕಡಿಮೆ ಬಡ್ಡಿಯ ಇಲ್ಲವೇ ಬಡ್ಡಿಯೇ ಇಲ್ಲದ ದೀರ್ಘಾವಧಿ ಸಾಲ. ಸ್ಟಾರ್ಟ್‌ಅಪ್‌ಗಳಾದರೆ ಪಾಲು ಬಂಡವಾಳವೂ ಉಂಟು. ಎರಡು, ತಂತ್ರಜ್ಞಾನ ನಾಲ್ಕನೆಯ ಮೆಟ್ಟಿಲಿಗಾದರೂ ಬಂದಿರಬೇಕು. ತಂತ್ರಜ್ಞಾನ ಬಳಕೆಗೆ ಎಷ್ಟು ಸಿದ್ಧವಾಗಿದೆ ಅಂತ ಹೇಳುವ ಈ ಅಳತೆಯಲ್ಲಿ ಒಟ್ಟು ಒಂಬತ್ತು ಮೆಟ್ಟಿಲು. ಒಂದನೆಯದು ಮೂಲ ತತ್ವ ಕಣ್ಣಿಗೆ ಬಿದ್ದ ಹಂತ, ನಾಲ್ಕನೆಯದು ಲ್ಯಾಬಿನಲ್ಲಿ ಕೆಲಸ ಮಾಡಿ ತೋರಿಸಿದ ಹಂತ.

ಇದೇಕೆ ಮುಖ್ಯ ಅಂದರೆ, 2025ರ ಭೌತವಿಜ್ಞಾನ ನೊಬೆಲ್ ನೋಡಿ. ಜಾನ್ ಕ್ಲಾರ್ಕ್, ಮಿಶೆಲ್ ದೆವೊರೆ, ಜಾನ್ ಮಾರ್ಟಿನಿಸ್ 1984, 85ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮಾಡಿದ ಪ್ರಯೋಗಕ್ಕೆ ಬಂದ ಬಹುಮಾನ ಅದು. ಎರಡು ಅತಿವಾಹಕಗಳ (ಯಾವ ಅಡ್ಡಿಯೂ ಇಲ್ಲದೆ ವಿದ್ಯುತ್ ಹರಿಯಬಿಡುವ ವಸ್ತುಗಳ) ನಡುವೆ ವಿದ್ಯುತ್ ಹರಿಯದ ತೆಳು ಪದರ. ಅಂಗೈಯಲ್ಲಿ ಹಿಡಿಯಬಹುದಾದ ಚಿಪ್. ಮೊದಲು ಆ ವಿದ್ಯುತ್ ಮಂಡಲದಲ್ಲಿ (ಸರ್ಕ್ಯೂಟ್) ವೋಲ್ಟೇಜ್ ಸೊನ್ನೆ. ಸ್ವಲ್ಪ ಹೊತ್ತಿಗೆ ಇದ್ದಕ್ಕಿದ್ದಂತೆ ವೋಲ್ಟೇಜ್ ಕಾಣಿಸಿಕೊಳ್ಳುತ್ತದೆ. ತಡೆ ಹಾರಲು ಬೇಕಾದ ಶಕ್ತಿ ಇಲ್ಲದಿದ್ದರೂ ಅಷ್ಟೂ ಎಲೆಕ್ಟ್ರಾನ್ ಜೋಡಿಗಳ ಸ್ಥಿತಿ ಒಟ್ಟಾಗಿ ತಡೆಯ ಆಚೆಗೆ ನುಸುಳಿದೆ. ಒಂದು ಕಣ ಮಾಡುವುದನ್ನು ಕೋಟಿಗಟ್ಟಲೆ ಕಣಗಳು ಒಂದಾಗಿ ಮಾಡಿದವು. ಅಂದು ಅದು ಒಂದನೆಯ ಮೆಟ್ಟಿಲು. ಆರ್‌ಡಿಐ ನಿಯಮ ಅಲ್ಲಿ ಆಗ ಇದ್ದಿದ್ದರೆ ಆ ಮೂವರಿಗೆ ಬಿಡಿಗಾಸೂ ಹುಟ್ಟುತ್ತಿರಲಿಲ್ಲ. ಇವತ್ತು ಅದೇ ಜಾತಿಯ ಮಂಡಲ ಬಳಸಿ ಕ್ವಾಂಟಮ್ ಕಂಪ್ಯೂಟರ್ ಕಟ್ಟುತ್ತಾರೆ. 2023ರಲ್ಲಿ ಒಪ್ಪಿಗೆ ಪಡೆದ, 6,003.65 ಕೋಟಿ ರೂಪಾಯಿಯ ನಮ್ಮ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನ ಗುರಿಗಳಲ್ಲೂ ಅದು ಇದೆ. ಅದರ ಕಂಪ್ಯೂಟಿಂಗ್ ಕೇಂದ್ರ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಬರ್ಕ್ಲಿಯ ಕೆಲಸವೂ ಸಂಶೋಧನೆ, ಕಂಪನಿಯೊಂದು ಸಾಲ ತಗೊಂಡು ಯಂತ್ರ ತಯಾರಿಸುವುದೂ ಸಂಶೋಧನೆ ಅಂದುಬಿಟ್ಟರೆ, ದುಡ್ಡು ಯಾವ ಕಡೆ ಹೋಗುತ್ತಿದೆ ಅಂತ ಮಕ್ಕಳಿಗೆ ಹೇಗೆ ತಿಳಿಯಬೇಕು? ಮೊದಲಿನದಕ್ಕೆ 'ಮೂಲ ಸಂಶೋಧನೆ' ಅಂದರೆ ಸ್ವಂತದ್ದು, ನಕಲು ಮಾಡದ್ದು ಎಂಬ ಅರ್ಥ ಇಣುಕುತ್ತದೆ. 'ಮೂಲಭೂತ' ಅಂದರೆ ಹಕ್ಕು, ಸೌಕರ್ಯ, ವಾದ ಎಲ್ಲ ಬೆನ್ನಿಗೆ ಬರುತ್ತವೆ. 'ಶೋಧ' ಪೊಲೀಸರ ಪದವಾಗಿಬಿಟ್ಟಿದೆ. ಸದ್ಯಕ್ಕೆ 'ಮೂಲವಿಜ್ಞಾನದ ಸಂಶೋಧನೆ' ಎಂದು ಬರೆದಿದ್ದೇನೆ. ಆರ್‌ಡಿಐಗೆ 'ತಂತ್ರಜ್ಞಾನ ಸಾಲ ನಿಧಿ' ಅಂದಿದ್ದೇನೆ. ಪಾಲು ಬಂಡವಾಳ ಅದರಲ್ಲಿ ಬಿಟ್ಟುಹೋಗುತ್ತದೆ, ಗೊತ್ತು. ಆದರೂ ಓದುಗರ ದಾರಿ ತಪ್ಪಿಸುವುದಿಲ್ಲ.

ಕೇಳುವುದು ಇಷ್ಟು. ಮೂಲವಿಜ್ಞಾನದ ಸಂಶೋಧನೆಗೆ ಇದಕ್ಕಿಂತ ಚಿಕ್ಕದಾದ, ಬಾಯಿಗೆ ಬರುವ ಪದ ನಿಮ್ಮ ಕಡೆ ಇದೆಯೇ? ಆ ಒಂಬತ್ತು ಮೆಟ್ಟಿಲಿಗೆ 'ತಂತ್ರಜ್ಞಾನ ಸಿದ್ಧತಾ ಮಟ್ಟ' ಅನ್ನುವುದು ಕಡತದ ಭಾಷೆಯಂತಿದೆ. ನಾನು 'ಪಕ್ವತೆಯ ಮೆಟ್ಟಿಲು' ಅಂತ ಹಾಕಿದ್ದೇನೆ. 'ಮಾಗು' ಧಾತುವಿನಿಂದ ಏನಾದರೂ ಆಗಬಹುದಾ, ಧಾರವಾಡ, ಕರಾವಳಿ ಕಡೆಯವರು ಹೇಳಿ.