ಆಡಿಯೊ ಶೋರೂಮ್‌ನಲ್ಲಿ ಬೆಲೆಗಿಂತ ಮುಂಚೆ ರಿಪೇರಿ ವಿಚಾರ ಕೇಳಿ

ಮೈಸೂರಿನಿಂದ ಒಬ್ಬರು ಕೇಳಿದ್ದಾರೆ: ಅಪ್ಪ ಕೂಡಿಟ್ಟ ಗ್ರಾಮಫೋನ್ ತಟ್ಟೆಗಳು ಮನೆಯಲ್ಲಿವೆ, ಅವನ್ನು ಮತ್ತೆ ಕೇಳುವ ಆಸೆ. ಟರ್ನ್‌ಟೇಬಲ್, ಆಂಪ್ಲಿಫೈಯರ್, ಸ್ಪೀಕರ್ ಎಲ್ಲ ಸೇರಿ ಎರಡು ಲಕ್ಷದೊಳಗೆ ಆಗಬೇಕು. ಬೆಂಗಳೂರಿನ ದೊಡ್ಡ ಶೋರೂಮ್‌ಗಳಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ? ಅಮೆರಿಕದಲ್ಲಿರುವ ತಮ್ಮನ ಕೈಲಿ ತರಿಸಿದರೆ ಅಗ್ಗವಂತೆ, ಹಾಗೆ ಮಾಡಲಾ?

ಮೇಡಂ, ಧೈರ್ಯವಾಗಿ ಹೋಗಿ. ಆದರೆ ಫೋನ್ ಮಾಡಿ, ಸಮಯ ಗೊತ್ತು ಮಾಡಿಕೊಂಡು ಹೋಗಿ. ಈ ಅಂಗಡಿಗಳಲ್ಲಿ ಕೇಳಿಸುವ ಕೋಣೆ ಒಂದೋ ಎರಡೋ ಇರುತ್ತದೆ. ಹೇಳದೆ ಹೋದರೆ ಬೇರೆಯವರು ಕೂತಿರುತ್ತಾರೆ, ನಿಮಗೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ನಿಮ್ಮವೇ ಎರಡು ತಟ್ಟೆ ಜೊತೆಗಿರಲಿ. ಅಂಗಡಿಯವರು ಹಾಕುವ ರೆಕಾರ್ಡಿಂಗ್ ಎಲ್ಲ ಸ್ಪೀಕರಿನಲ್ಲೂ ಚೆನ್ನಾಗಿಯೇ ಕೇಳಿಸುತ್ತದೆ, ಅದಕ್ಕೆಂದೇ ಆರಿಸಿಟ್ಟಿರುತ್ತಾರೆ. ಮಲ್ಲಿಕಾರ್ಜುನ ಮನ್ಸೂರರ ದನಿಯೋ ದೊರೆಸ್ವಾಮಿ ಅಯ್ಯಂಗಾರರ ವೀಣೆಯೋ ನಿಮ್ಮ ಕಿವಿಗೆ ಮೊದಲೇ ಗೊತ್ತಿದ್ದರೆ, ಯಾವ ಸ್ಪೀಕರ್ ಅದನ್ನು ಕೆಡಿಸುತ್ತಿದೆ ಅಂತ ಕೂಡಲೇ ತಿಳಿಯುತ್ತದೆ.

ನಾನು ಕಂಡ ಒಳ್ಳೆಯ ಅಂಗಡಿಯ ಬಗ್ಗೆ ಮೊದಲು ಹೇಳುತ್ತೇನೆ. ಮಾಲೀಕರು ಬಜೆಟ್ ಕೇಳಲಿಲ್ಲ. ಕೋಣೆಯ ಅಳತೆ ಕೇಳಿದರು, ಫೋನಿನಲ್ಲಿ ಫೋಟೊ ನೋಡಿದರು. ಅವರ ಕೋಣೆಯಲ್ಲಿ ದಪ್ಪ ಕಾರ್ಪೆಟ್, ಪರದೆ, ಗೋಡೆಗೆ ಪ್ಯಾನೆಲ್ ಇದ್ದವು. ನಮ್ಮ ಮನೆಗಳಲ್ಲಿ ಟೈಲ್ಸ್ ನೆಲ, ಬರಿಯ ಸಿಮೆಂಟ್ ಗೋಡೆ. ಅಲ್ಲಿ ಹಿತವಾಗಿದ್ದ ಸದ್ದು ಇಲ್ಲಿ ಕಿವಿಗೆ ಚುಚ್ಚಬಹುದು. ಅದಕ್ಕೇ ಅವರು ಸ್ಪೀಕರನ್ನು ಎರಡು ದಿನ ಮನೆಗೇ ಕೊಟ್ಟು ಕಳಿಸಿದರು. ಟರ್ನ್‌ಟೇಬಲ್ ಮಾರುವಾಗ ಸೂಜಿ ತಟ್ಟೆಯ ಮೇಲೆ ಒತ್ತುವ ಭಾರವನ್ನು ಗ್ರಾಂ ತಕ್ಕಡಿಯಲ್ಲಿ ಅಳೆದು ಕೂರಿಸಿದರು. ಓರ್ಟೊಫೋನ್ 2ಎಂ ರೆಡ್‌ನಂಥ ಕಾರ್ಟ್ರಿಡ್ಜ್‌ಗೆ, ಅಂದರೆ ಸೂಜಿ ಕೂರುವ ಪುಟ್ಟ ಭಾಗಕ್ಕೆ, 1.8 ಗ್ರಾಂ ಬೇಕು. ಜಾಸ್ತಿಯಾದರೆ ಸೂಜಿ, ತಟ್ಟೆ ಎರಡೂ ಬೇಗ ಸವೆಯುತ್ತವೆ. ಕಡಿಮೆಯಾದರೆ ಸೂಜಿ ಗೆರೆಯಲ್ಲಿ ಸರಿಯಾಗಿ ಕೂರದೆ ಸದ್ದು ಒಡೆಯುತ್ತದೆ, ಗೆರೆಯೂ ಹಾಳಾಗುತ್ತದೆ. ಈ ಕೆಲಸವನ್ನು ನಿಮ್ಮ ಕಣ್ಣೆದುರಿಗೆ ಮಾಡಿಕೊಡುವ ಅಂಗಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕೆಟ್ಟ ಅನುಭವಗಳೂ ಇವೆ. ವೀಣೆ ನುಡಿಸುವ ನನ್ನ ಗೆಳತಿ ಗಂಡನ ಜೊತೆ ಒಂದು ಶೋರೂಮಿಗೆ ಹೋಗಿದ್ದರು. ಪ್ರಶ್ನೆ ಕೇಳಿದ್ದೆಲ್ಲ ಇವರು, ಸೇಲ್ಸ್‌ನವನು ಉತ್ತರ ಕೊಟ್ಟಿದ್ದೆಲ್ಲ ಗಂಡನಿಗೆ. ಕಿವಿ ಇರುವುದು ಇವರಿಗೆ, ದುಡ್ಡೂ ಇವರದೇ. ಎದ್ದು ಬಂದರು, ಸರಿಯಾಗೇ ಮಾಡಿದರು. ಇನ್ನೊಬ್ಬ ಗೆಳೆಯನಿಗೆ ಎರಡು ಸ್ಪೀಕರ್ ಹೋಲಿಸಿ ತೋರಿಸುವಾಗ ದುಬಾರಿಯದನ್ನು ತುಸು ಜೋರಾಗಿ ಹಾಕಿದರು. ಸ್ವಲ್ಪ ಜೋರಾಗಿರುವುದೇ ಯಾವಾಗಲೂ ಚೆನ್ನಾಗಿದೆ ಅನ್ನಿಸುವುದು ಮನುಷ್ಯನ ಕಿವಿಯ ಗುಣ. ಸದ್ದು ಅಳೆಯುವ ಆ್ಯಪ್ ಫೋನಿಗೆ ಬಿಟ್ಟಿಯಾಗಿ ಸಿಗುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ತರಲು ಹೇಳಿ, ಕೂತ ಜಾಗದಿಂದಲೇ ಅಳೆಯಿರಿ. ಯಾರೂ ಬೇಡ ಅನ್ನುವುದಿಲ್ಲ.

ನನಗೆ ಆದದ್ದು ಬೇರೆ ಕಡೆ. ಆಂಪ್ಲಿಫೈಯರಿನ ಒಂದು ಚಾನೆಲ್, ಅಂದರೆ ಒಂದು ಬದಿಯ ಸದ್ದು, ವಾರಂಟಿ ಒಳಗೇ ನಿಂತಿತು. ಮಾರುವಾಗ ಕಾಫಿ ಕೊಟ್ಟು ಕೂರಿಸಿದ್ದ ಅಂಗಡಿಯವರು ಈಗ ಫೋನ್ ಎತ್ತಲಿಲ್ಲ. ಎತ್ತಿದಾಗ, ಸರ್ವಿಸ್ ಇರುವುದು ಮುಂಬೈಯಲ್ಲಿ, ಕಳಿಸುವ ಖರ್ಚು ನಿಮ್ಮದು ಅಂದರು. ಹದಿನೈದು ಕಿಲೊ ತೂಗುವ ಪೆಟ್ಟಿಗೆ! ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಅವರೇ ಬಂದು ತೆಗೆದುಕೊಂಡು ಹೋದರು. ಅಲ್ಲೂ ಬಗೆಹರಿಯದಿದ್ದರೆ ನೀವು ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದಕ್ಕೆ ಅವಕಾಶ ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೂ ಇಲ್ಲ. ತೊಂದರೆಯಾದ 2 ವರ್ಷದೊಳಗೆ ದೂರು ಕೊಡಬೇಕು, ಅಷ್ಟೇ.

ಆದ್ದರಿಂದ ರಿಯಾಯಿತಿ ಕೇಳುವ ಮೊದಲು ರಿಪೇರಿ ವಿಚಾರ ಕೇಳಿ. ಈ ಬ್ರ್ಯಾಂಡಿಗೆ ನೀವು ಅಧಿಕೃತ ಡೀಲರಾ? ಕೆಟ್ಟರೆ ಎಲ್ಲಿ ರಿಪೇರಿ, ಸಾಗಣೆ ಯಾರದು? ಅಷ್ಟು ದಿನ ಬದಲಿ ಯಂತ್ರ ಕೊಡುತ್ತೀರಾ? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲೇಬೇಕು ಅನ್ನಿ. ಇಷ್ಟಕ್ಕೇ ಮುಖ ಗಂಟು ಹಾಕುವ ಅಂಗಡಿ ಬೇಡ.

ಅಮೆರಿಕದ ವಿಚಾರ. ಅಲ್ಲಿಯ ಕರೆಂಟು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಹರ್ಟ್ಸ್ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ. ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಇಟ್ಟು ಇಳಿಸಬಹುದು, ಹರ್ಟ್ಸ್ ಅದರಿಂದ ಬದಲಾಗದು. ಕರೆಂಟಿನ ಹರ್ಟ್ಸ್ ನಂಬಿ ತಿರುಗುವ ಎಸಿ ಮೋಟಾರಿನ ಟರ್ನ್‌ಟೇಬಲ್ ಆದರೆ, ನಿಮಿಷಕ್ಕೆ 33 ಸುತ್ತು ಬರಬೇಕಾದ ತಟ್ಟೆ ಇಲ್ಲಿ 28ರ ಆಸುಪಾಸಿನಲ್ಲಿ ತಿರುಗುತ್ತದೆ. ಹಾಡುವವರ ಶ್ರುತಿ ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. ಅಡಾಪ್ಟರಿನಿಂದ ನಡೆಯುವ ಡಿಸಿ ಮೋಟಾರಿಗೆ ಈ ಕಾಟವಿಲ್ಲ. ಆದರೂ ಅಲ್ಲಿಯ ವಾರಂಟಿಯನ್ನು ಇಲ್ಲಿಯ ಡೀಲರ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ತಮ್ಮ ಏನಾದರೂ ತರಲೇಬೇಕೆಂದರೆ ಬದಲಿ ಸೂಜಿ ತರಲಿ, ಹಗುರ, ಕರೆಂಟಿನ ಗೊಡವೆ ಇಲ್ಲ.

ಕೇಬಲ್‌ಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಮನೆಯ ಅಳತೆಗೆ ದಪ್ಪ ತಾಮ್ರದ ತಂತಿ ಸಾಕು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಕೋಲ್ಕತ್ತದ ಸೊನೊಡೈನ್‌ನಂಥ ನಮ್ಮ ದೇಶದ ಸ್ಪೀಕರುಗಳನ್ನೂ ಒಮ್ಮೆ ಕೇಳಿ ನೋಡಿ.

ಒಂದು ವಿಷಯ ನೀವು ಬರೆದಿಲ್ಲ. ಅಪ್ಪನ ತಟ್ಟೆಗಳಲ್ಲಿ 78ರವು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗಬೇಕಾದವು, ಇವೆಯಾ? ಭಾರವಾಗಿದ್ದು, ಬಿದ್ದರೆ ಒಡೆಯುವಂಥವು, ಲೇಬಲ್ಲಿನ ಮೇಲೂ ಸಾಮಾನ್ಯವಾಗಿ ಬರೆದಿರುತ್ತದೆ. ಈಗಿನ ಎಷ್ಟೋ ಟರ್ನ್‌ಟೇಬಲ್‌ಗಳಲ್ಲಿ ಆ ವೇಗವೇ ಇಲ್ಲ. ಅವಕ್ಕೆ ದಪ್ಪ ಸೂಜಿಯೂ ಬೇರೆಯೇ ಬೇಕು. ಎಷ್ಟಿವೆ ಅಂತ ನೋಡಿ ತಿಳಿಸಿ, ಯಾವ ಟರ್ನ್‌ಟೇಬಲ್ ಕೇಳಬೇಕು ಅಂತ ಅದರ ಮೇಲೆ ಹೇಳುತ್ತೇನೆ.