ಕಾಕಾ, ಪುಸ್ತಕವನ್ನು ನಾನೇ ಪ್ರಕಟಿಸಿದ್ದು ಏಕೆಂದರೆ

ಕಾಕಾ, ನಮಸ್ಕಾರ. ‘ಪ್ರಕಾಶಕರು ಯಾರೂ ಸಿಗಲಿಲ್ಲವೇ, ಕೈಯಿಂದ ದುಡ್ಡು ಹಾಕಿ ಪುಸ್ತಕ ಅಚ್ಚು ಹಾಕಿಸಿ, ಅದನ್ನು ನೀನೇ ಮಾರುತ್ತ ತಿರುಗುವುದು ಚೆಂದವೇ’ ಎಂದು ನೀವು ನಿನ್ನೆ ಗುಂಪಿನಲ್ಲಿ ಕೇಳಿದ್ದಿರಿ. ಎರಡು ಮಾತಿನಲ್ಲಿ ಮುಗಿಯುವ ಉತ್ತರವಲ್ಲವಾದ್ದರಿಂದ ಮಾತನಾಡಿಯೇ ಕಳಿಸುತ್ತಿದ್ದೇನೆ.

ಪ್ರಕಾಶಕರು ಸಿಕ್ಕಿದ್ದರು. ಅಜ್ಜಿಯ ಕಥೆಗಳ ಹಸ್ತಪ್ರತಿಯನ್ನು ಎರಡು ವರ್ಷ ಇಟ್ಟುಕೊಂಡು, ಕೊನೆಗೆ ಅಜ್ಜಿಯ ಮಾತನ್ನೆಲ್ಲ ಶಿಷ್ಟ ಕನ್ನಡಕ್ಕೆ ತಿದ್ದಿಕೊಟ್ಟರೆ ಪ್ರಕಟಿಸುವೆವೆಂದರು. ಅಜ್ಜಿ ನಿಮ್ಮ ಅವ್ವ. ನಿಮಗೆ ನಾನು ಹೇಳಬೇಕಿಲ್ಲ. ಬ್ಯಾಡಗಿಯ ಮನೆಯ ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುತ್ತ ಕಥೆ ಹೇಳುವವಳು, ರಾಕ್ಷಸ ಬರುವ ಹೊತ್ತಿಗೆ ಸರಿಯಾಗಿ ಕೈ ನಿಲ್ಲಿಸಿ, ‘ಮುಂದ ಏನಾತು ಹೇಳ್ರಿ ನೋಡೂಣು’ ಎಂದು ನಮ್ಮೆಲ್ಲರ ಮುಖ ನೋಡುತ್ತಿದ್ದಳು. ಆ ಮಾತನ್ನು ತಿದ್ದಿದರೆ ಪಡಸಾಲೆಯೂ ಉಳಿಯದು, ಘಾಟಿಗೆ ಸೀನುತ್ತ ಕುಳಿತ ನಾವೂ ಉಳಿಯೆವು. ನನಗೆ ಕಥೆಯ ಹುಚ್ಚು ಹಿಡಿದದ್ದೇ ಆ ಧ್ವನಿಯಿಂದ. ಶಾಲೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದ್ದೂ ಅದೇ ಧ್ವನಿಯಲ್ಲಿ. ಆದ್ದರಿಂದ ಹಸ್ತಪ್ರತಿಯನ್ನು ಮರಳಿ ತಂದೆ.

ಕಷ್ಟವಾಗಲಿಲ್ಲವೆಂದು ಹೇಳಲಾರೆ. ‘ನುಡಿ’ ತಂತ್ರಾಂಶದಲ್ಲಿ ಟೈಪಾಗಿದ್ದ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವೊತ್ತುಗಳು ಜಾಗ ತಪ್ಪಿ, ‘ಸೂರ್ಯ’ ಎಂಬುದು ‘ಸೂಯರ್’ ಆಗಿ ನಿಂತಿತ್ತು. ಒಂದೊಂದು ಸಾಲಿನ ಮೇಲೆ ಬೆರಳಿಟ್ಟು ಮೂರು ಸಲ ಕರಡು ತಿದ್ದಿದೆ. ಮುದ್ರಣ ಕಾಶಿಯೆಂದು ಹೆಸರಾದ ಗದಗಿನಲ್ಲಿಯೇ ಅಚ್ಚಾಗಲೆಂದು ಹೋದರೆ, ಮುದ್ರಕರು ಒಟ್ಟಿಗೆ ಅಚ್ಚಾಗುವ 16 ಪುಟಕ್ಕೆ ಒಂದು ಫಾರ್ಮ್, ನಿಮ್ಮದು 147 ಪುಟ, ಮೂರು ಪುಟಕ್ಕಾಗಿ ಇನ್ನೊಂದು ಫಾರ್ಮ್ ಬೇಕಾಗುತ್ತದೆ ಎಂದರು. ಮುನ್ನುಡಿಯನ್ನು ಕಡಿಮೆ ಮಾಡಿ 144ಕ್ಕೆ, ಅಂದರೆ ಒಂಬತ್ತು ಫಾರ್ಮಿಗೆ ಇಳಿಸಿದೆ. ಅಜ್ಜಿಯ ಒಂದು ಮಾತನ್ನೂ ಮುಟ್ಟಲಿಲ್ಲ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯು ಸ್ವತಃ ಪ್ರಕಟಿಸುವ ಲೇಖಕರಿಗೂ ಶುಲ್ಕವಿಲ್ಲದೆ ಕೊಡುತ್ತದೆ. ಪ್ರಕಾಶಕಿಯೂ ನಾನೇ ಆದುದರಿಂದ, 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸುವ ಹೊಣೆಯೂ ನನ್ನದೇ. ಆ ಕಟ್ಟಿನ ಮೇಲೆ ವಿಳಾಸ ಬರೆಯುವಾಗ ಕಣ್ಣು ತುಂಬಿ ಬಂದವು, ಕಾಕಾ.

ಇನ್ನು ಮಾರುವ ಮಾತು. ನಮ್ಮ ಹಾವೇರಿ ಸೀಮೆಯ ಗಳಗನಾಥರು ಅಷ್ಟು ದೊಡ್ಡ ಕಾದಂಬರಿಕಾರರಾಗಿದ್ದೂ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರು ನಡೆದ ಸೀಮೆಯಲ್ಲಿ ನಾನು ಚೀಲ ಹಿಡಿದು ನಾಲ್ಕು ಮನೆಗೆ ಹೋಗುವುದರಲ್ಲಿ ನನಗೆ ಯಾವ ಕುಂದೂ ಕಾಣುವುದಿಲ್ಲ. ಅಚ್ಚಾದ 500 ಪ್ರತಿಗಳಲ್ಲಿ 180 ಈಗಾಗಲೇ ಹೋಗಿವೆ.

ನಿಮ್ಮ ಪ್ರತಿಯನ್ನು ಭಾನುವಾರ ನಾನೇ ತರುತ್ತೇನೆ. 37ನೆಯ ಪುಟದಲ್ಲಿ ಅಜ್ಜಿ ಹಾಡುತ್ತಿದ್ದ ಜೋಗುಳದ ಎರಡು ಸಾಲುಗಳಿವೆ. ನನ್ನ ನೆನಪು ತಪ್ಪಿದ್ದರೆ ಕಾಕಾ, ದಯವಿಟ್ಟು ಪೆನ್ಸಿಲ್ಲಿನಿಂದ ಅಲ್ಲೇ ತಿದ್ದಿಡಿರಿ, ಎರಡನೆಯ ಮುದ್ರಣಕ್ಕೆ ಸೇರಿಸುತ್ತೇನೆ.