ಮುರ್ರಾ ಮಿಶ್ರತಳಿ ಎಮ್ಮೆಗೆ ಮುಂದೆ ಯಾವ ಕೋಣದ ವೀರ್ಯ ಕೊಡಿಸಬೇಕು? ಜೀನೋಮ್ ಸಂಶೋಧನೆಯಿಂದ ನಮಗೆ ನೆರವಿದೆಯೇ?

ಪ್ರಶ್ನೆ: ಕೃಷಿಕ, ಹೊಸನಗರ ತಾಲ್ಲೂಕು

ಮಾನ್ಯರೇ, ನಮ್ಮ ಕೊಟ್ಟಿಗೆಯಲ್ಲಿ ಮೂರು ಎಮ್ಮೆಗಳಿವೆ. ಎರಡು ಅಜ್ಜನ ಕಾಲದಿಂದ ಬಂದ ನಾಟಿ ಸಂತಾನದವು; ಸುರಿಯುವ ಮಳೆಯಲ್ಲೂ ಬ್ಯಾಣಕ್ಕೆ ಹೋಗಿ ಮೇದು ಬರುತ್ತವೆ, ಆದರೆ ಹೊತ್ತಿಗೆ ಎರಡು ಲೀಟರಿಗಿಂತ ಹೆಚ್ಚು ಕರೆದದ್ದಿಲ್ಲ. ಮೂರನೆಯದು ಅವುಗಳಲ್ಲೊಂದಕ್ಕೆ ಹರಿಯಾಣದ ಕಡೆಯ ಮುರ್ರಾ ತಳಿಯ ವೀರ್ಯ ಕೊಡಿಸಿದಾಗ ಹುಟ್ಟಿದ್ದು. ಅದು ಹೊತ್ತಿಗೆ ನಾಲ್ಕು ಲೀಟರ್ ಕೊಡುತ್ತದೆ. ಆದರೆ ಜಾರುವ ಧರೆ ಇಳಿಯಲು ಹೆದರಿ ನಿಂತುಬಿಡುತ್ತದೆ, ಹಿಂಡಿ ಕಡಿಮೆಯಾದರೆ ಮರುದಿನವೇ ಹಾಲು ಇಳಿಯುತ್ತದೆ, ಬೆದೆಗೆ ಬಂದದ್ದು ತಿಳಿಯದೆ ಎರಡು ಬಾರಿ ಕಳೆದೇಹೋಯಿತು. ಇದಕ್ಕೆ ಪುನಃ ಮುರ್ರಾ ಕೊಡಿಸಲೇ, ಸುರ್ತಿ ಕೊಡಿಸಲೇ, ಊರ ಕೋಣಕ್ಕೆ ಬಿಡಲೇ? ಎಮ್ಮೆಯ ಜೀನೋಮನ್ನು, ಅಂದರೆ ಅದರ ಜೀನುಗಳ ಇಡೀ ಬರಹವನ್ನು, ಓದಿಯಾಗಿದೆ ಎನ್ನುತ್ತಾರೆ. ಮೂರೇ ಎಮ್ಮೆ ಕಟ್ಟಿದವರಿಗೆ ಅದರಿಂದ ಏನಾದರೂ ಪ್ರಯೋಜನವಿದೆಯೇ?

ಉತ್ತರ: ಪಶುತಳಿಶಾಸ್ತ್ರದ ವಿದ್ಯಾರ್ಥಿನಿ, ಶಿವಮೊಗ್ಗ

ಮುರ್ರಾ, ಸುರ್ತಿ, ನಮ್ಮ ನಾಟಿ ಎಮ್ಮೆ ಎಲ್ಲವೂ 50 ವರ್ಣತಂತುಗಳಿರುವ ನದಿ ಎಮ್ಮೆಗಳ ಗುಂಪಿಗೆ ಸೇರಿದವು. ಪೂರ್ವ ಏಷ್ಯಾದ ಕೆಸರು ಎಮ್ಮೆಗಳಿಗೆ 48 ವರ್ಣತಂತುಗಳಿರುವುದರಿಂದ ಈ ಎರಡು ಗುಂಪುಗಳು ಬೆರೆತಾಗ 49 ಇರುವ ಕರು ಹುಟ್ಟಿ, ಅದರ ಸಂತಾನಶಕ್ತಿ ಕುಂದುವುದುಂಟು. ನಿಮ್ಮ ಆಯ್ಕೆಗಳಲ್ಲಿ ಆ ತೊಡಕಿಲ್ಲ.

ಜೀನೋಮ್ ಓದಿರುವುದು ನಿಜ. 2019ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ಮುಂದಾಳತ್ವದ ತಂಡವು ಮೆಡಿಟರೇನಿಯನ್ ತಳಿಯ ಎಮ್ಮೆಯೊಂದರ ಜೀನೋಮನ್ನು ವರ್ಣತಂತುಗಳ ಮಟ್ಟದಲ್ಲಿ ಜೋಡಿಸಿ ಪ್ರಕಟಿಸಿತು. ಅನಂತರ ನಮ್ಮ ದೇಶದಲ್ಲೇ ಮುರ್ರಾ ಜೀನೋಮ್ ಸಿದ್ಧವಾಯಿತು, 2024ರಲ್ಲಿ ಎಮ್ಮೆಗಳಿಗೆಂದೇ ‘ಮಹಿಷ್ ಚಿಪ್’ ಬಿಡುಗಡೆಯಾಯಿತು. ಇಂತಹ ಚಿಪ್ ರಕ್ತ ಅಥವಾ ಕೂದಲಿನ ಮಾದರಿಯಲ್ಲಿ ಜೀನೋಮಿನ ಸಾವಿರಾರು ಗುರುತುಗಳನ್ನು ಓದುತ್ತದೆ. ಆದರೆ ಯಾವ ಗುರುತು ಹಾಲಿಗೆ ಒಳ್ಳೆಯದೆಂಬುದು ತಿಳಿಯಬೇಕಾದರೆ ಅದೇ ಬಗೆಯ ಸಾವಿರಾರು ಎಮ್ಮೆಗಳ ಹಾಲನ್ನು ಅಳೆದು ಬರೆದಿಟ್ಟಿರಬೇಕು. ಹರಿಯಾಣದ ಬಯಲಿನಲ್ಲಿ ಅಳೆದ ಮುರ್ರಾ ಲೆಕ್ಕವನ್ನು ಹಿಡಿದು, ಬ್ಯಾಣದಲ್ಲಿ ಮೇಯುವ ನಾಟಿ ಎಮ್ಮೆಯ ಬೆಲೆ ಕಟ್ಟಿದರೆ ಭರವಸೆಯ ಉತ್ತರ ಸಿಗುವುದಿಲ್ಲ. ನನಗೆ ಅತ್ಯಂತ ಬೇಸರ ತರುವ ಸಂಗತಿಯೆಂದರೆ ಇದೇ: ಯಂತ್ರ ಬಂದಿದೆ, ನಮ್ಮ ಎಮ್ಮೆಗಳ ಲೆಕ್ಕ ಮಾತ್ರ ಎಲ್ಲೂ ಬರೆದಿಲ್ಲ.

ಕೊಬ್ಬಿನಂಶಕ್ಕಾಗಿ ಪ್ರತ್ಯೇಕ ಪರೀಕ್ಷೆಯ ಬಗ್ಗೆ ಯಾರಾದರೂ ಹೇಳಿದರೆ ಒಂದು ಮಾತು ನೆನಪಿರಲಿ. ಹಸುಗಳಲ್ಲಿ ಕೊಬ್ಬನ್ನು ಹೆಚ್ಚಿಸುವ ಡಿಜಿಎಟಿ1 ಜೀನಿನ ರೂಪವು ಪರೀಕ್ಷೆಗೊಳಗಾದ ಭಾರತೀಯ ಎಮ್ಮೆ ತಳಿಗಳಲ್ಲಿ ಎಲ್ಲಕ್ಕೂ ಇದೆ. ಎಲ್ಲಕ್ಕೂ ಇರುವುದರಿಂದ ಆರಿಸಲು ಏನೂ ಉಳಿಯುವುದಿಲ್ಲ.

ಬೆದೆ ತಪ್ಪಿದ್ದಕ್ಕೆ ಮುರ್ರಾ ರಕ್ತವನ್ನು ದೂರಬೇಡಿ. ಹಾಲಿನ ಪ್ರಮಾಣದಷ್ಟು ಗರ್ಭ ಕಟ್ಟುವ ಗುಣ ಅನುವಂಶಿಕವಲ್ಲ. ಅದರಲ್ಲಿ ಮೇವು, ಸೆಕೆ, ಗಮನಿಸುವ ಕಣ್ಣುಗಳ ಪಾಲೇ ದೊಡ್ಡದು. ಎಮ್ಮೆಯ ಬೆದೆ ಮೂಕ. ಬಹುಪಾಲು ರಾತ್ರಿ ಮತ್ತು ಬೆಳಗಿನ ಜಾವದಲ್ಲಿ ಕಾಣುತ್ತದೆ.

ಉತ್ತರ: ಹೈನುಗಾರ, ತೀರ್ಥಹಳ್ಳಿ

ನಾನು ಇದೇ ಸ್ಥಿತಿಯಲ್ಲಿ ಸುರ್ತಿಯನ್ನು ಆರಿಸಿದೆ. ಗುಜರಾತಿನ ಈ ತಳಿ ಮುರ್ರಾಗಿಂತ ಹಗುರ, ಕುಡುಗೋಲಿನಂತಹ ಕೊಂಬು, ಕುತ್ತಿಗೆಯ ಕೆಳಗೆ ಎರಡು ಬಿಳಿ ಪಟ್ಟೆ. ಹಾಲು ಮುರ್ರಾ ಮಟ್ಟಕ್ಕೆ ಏರಲಿಲ್ಲವಾದರೂ ಹಿಂಡಿಯ ಖರ್ಚು ಕಳೆದರೆ ಕೈಯಲ್ಲಿ ಉಳಿದದ್ದು ಹೆಚ್ಚು. ಊರ ಕೋಣದ ಬಗ್ಗೆ ಒಂದು ಎಚ್ಚರಿಕೆ: ಅದೇ ಕೋಣದ ಮಗಳಿಗೆ ಅದನ್ನೇ ಕೊಡಿಸಿದರೆ ಕರುವಿನ ಒಳತಳಿ (ಹತ್ತಿರದ ರಕ್ತಸಂಬಂಧಿಗಳ ಕೂಡಿಕೆ) ಪ್ರಮಾಣ ಶೇ. 25ಕ್ಕೆ ಏರುತ್ತದೆ. ನಮ್ಮ ಕೇರಿಯಲ್ಲಿ ಒಂದೇ ಕೋಣ ವರ್ಷಾನುಗಟ್ಟಲೆ ಇದ್ದು, ಕೊನೆಕೊನೆಗೆ ಸಣಕಲು ಕರುಗಳೇ ಹುಟ್ಟಿದ್ದವು. ವೀರ್ಯನಳಿಕೆಯ ಮೇಲೆ ಅಚ್ಚಾದ ಕೋಣದ ಸಂಖ್ಯೆಯನ್ನು ಪ್ರತಿಬಾರಿಯೂ ಕೇಳಿ ಬರೆದುಕೊಳ್ಳಿ.

ಉತ್ತರ: ನಿವೃತ್ತ ಪಶುವೈದ್ಯ, ಸಾಗರ

ಎರಡು ನಾಟಿ ಎಮ್ಮೆಗಳಲ್ಲಿ ಒಂದನ್ನಾದರೂ ಬೆರಕೆ ಮಾಡದೆ ಉಳಿಸಿ. ಮಲೆನಾಡು ಗಿಡ್ಡ ಹಸುವಿಗೂ ಧಾರವಾಡಿ ಎಮ್ಮೆಗೂ ಕರ್ನಾಲಿನ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಬ್ಯೂರೋ ತಳಿ ಮಾನ್ಯತೆ ನೀಡಿದ್ದು, ಶುದ್ಧ ಜಾನುವಾರು ಕೊಟ್ಟಿಗೆಗಳಲ್ಲಿ ಇನ್ನೂ ಉಳಿದಿದ್ದರಿಂದ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಹಾಲಿನ ಲೆಕ್ಕಕ್ಕೆ ಇಂದೇ ಒಂದು ನೋಟ್‌ಬುಕ್ ತೆರೆದಿದ್ದೇನೆ. ಈ ದಿನ ಬೆಳಗಿನ ಜಾವ ಐದಕ್ಕೆ ಲಾಟೀನು ಹಿಡಿದು ಹೋದಾಗ ಮಿಶ್ರತಳಿ ಎಮ್ಮೆಯ ಬಾಲದ ಬುಡದಲ್ಲಿ ಗಾಜಿನಂತಹ ಲೋಳೆ ಕಂಡಿತು. ಸಂಜೆಗೆ ಸುರ್ತಿ ನಳಿಕೆ ತರಲು ವೈದ್ಯರಿಗೆ ಹೇಳಿದ್ದೇನೆ.